ಜೋರು ಮಾಡುವವರಿಗೆ ಮೊದಲು ಕಟ್ಟಬೇಡಿ: ದಾವಣಗೆರೆ, ಚಿತ್ರದುರ್ಗದವರಿಗೆ ಸಾಲದಿಂದ ಹೊರಬರುವ ದಾರಿ

ಸಾಲ ಮಾಡದ ಮನೆ ನಮ್ಮ ಕಡೆ ಅಪರೂಪ. ಜಗಳೂರಿನಲ್ಲಿ ಈರುಳ್ಳಿ ಬೀಜಕ್ಕೆ ಸಾಲ, ಚನ್ನಗಿರಿಯಲ್ಲಿ ಅಡಿಕೆ ತೋಟದ ಬೋರ್‌ವೆಲ್‌ಗೆ ಸಾಲ, ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಸಾಲ. ದಾವಣಗೆರೆ ಪೇಟೆಯಲ್ಲಿ ಆಟೋಗೆ, ಅಂಗಡಿಗೆ, ಮಕ್ಕಳ ಕಾಲೇಜು ಫೀಸಿಗೆ ಸಾಲ. ಸಾಲ ಮಾಡಿದ್ದೇ ತಪ್ಪು ಅಂತ ಯಾರೂ ಹೇಳುವಂತಿಲ್ಲ. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಕೈಚಾಚಿದಾಗ ನಿಜವಾದ ತೊಂದರೆ ಶುರು. ಆ ಹಂತಕ್ಕೆ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಂಥ ಮನೆಗಳಲ್ಲಿ ದುಡ್ಡು ಹೋಗುವ ಕ್ರಮ ಹೆಚ್ಚುಕಡಿಮೆ ಒಂದೇ. ಬಾಗಿಲಿಗೆ ಬಂದು ಯಾರು ಜೋರು ಮಾಡುತ್ತಾರೋ ಅವರಿಗೆ ಮೊದಲು. ವಾರದ ಕಂತಿನವರು ಬಂದು ಕೂರುತ್ತಾರೆ, ಅವರಿಗೆ ಕೊಟ್ಟು ಕಳಿಸುತ್ತೀರಿ. ಬ್ಯಾಂಕಿನಲ್ಲಿಟ್ಟ ಬಂಗಾರದ ಸಾಲ ಸುಮ್ನೆ ಕೂತಿರುತ್ತದೆ, ಅದು ಹಿಂದೆ ಬೀಳುತ್ತದೆ. ಸೊಸೈಟಿಯ ಬೆಳೆ ಸಾಲದ ಗಡುವು ದಾಟುತ್ತದೆ, ಬಡ್ಡಿ ಇಲ್ಲದ ಸಾಲಕ್ಕೆ ಬಡ್ಡಿ ಬೀಳುತ್ತದೆ. ಯಾರ ಸಾಲ ನಿಜಕ್ಕೂ ದುಬಾರಿ, ಯಾವುದನ್ನು ಬಿಟ್ಟರೆ ಏನು ಕಳೆದುಕೊಳ್ಳುತ್ತೀರಿ ಎಂಬುದನ್ನು ನೋಡಿ ಕಟ್ಟಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಮುಂದೆ ಹೋಗುವ ಮುಂಚೆ ಒಂದು ಮಾತು. ಸಾಲದ ಭಾರಕ್ಕೆ ನಿದ್ದೆ ಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಲೆಕ್ಕಪುಸ್ತಕ ಆಮೇಲೆ. ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ದುಡ್ಡಿನ ಸಾಲಕ್ಕೆ ಕಾನೂನಿನಲ್ಲಿ ಯಾವುದಾದರೂ ಒಂದು ದಾರಿ ಇದ್ದೇ ಇರುತ್ತದೆ. ನೀವು ಇಲ್ಲದೆ ಹೋದರೆ ಮನೆಯವರಿಗೆ ಆ ದಾರಿ ಇನ್ನಷ್ಟು ಕಷ್ಟವಾಗುತ್ತದೆ.

ಮೊದಲ ಹೆಜ್ಜೆ: ಎಲ್ಲ ಸಾಲವನ್ನೂ ಒಂದೇ ಕಡೆ ಬರೆಯಿರಿ

ಒಂದು ನೋಟ್‌ಬುಕ್ ಸಾಕು. ಗಂಡ ಹೆಂಡತಿ ಇಬ್ಬರೂ ಕೂತು ಬರೆಯಬೇಕು. ಗಂಡನ ಕೈಸಾಲ ಹೆಂಡತಿಗೆ ಗೊತ್ತಿರುವುದಿಲ್ಲ, ಹೆಂಡತಿಯ ಸಂಘದ ಸಾಲ ಗಂಡನಿಗೆ ಪೂರ್ತಿ ಗೊತ್ತಿರುವುದಿಲ್ಲ. ಮುಚ್ಚಿಟ್ಟ ಒಂದು ಸಾಲ ಇಡೀ ಲೆಕ್ಕವನ್ನು ಕೆಡಿಸುತ್ತದೆ. ಜಗಳ ಆಗಬಹುದು, ಆಗಲಿ. ಆ ಜಗಳ ಒಂದು ಸಲ ಮುಗಿಯಬೇಕು.

ಪ್ರತಿ ಸಾಲಕ್ಕೂ ಇಷ್ಟು ಬರೆಯಿರಿ: ಯಾರ ಹತ್ತಿರ, ಕೈಗೆ ಬಂದದ್ದು ಎಷ್ಟು, ಈಗ ಬಾಕಿ ಎಷ್ಟು, ಕಂತು ಎಷ್ಟು, ಯಾವ ದಿನ, ಬಡ್ಡಿ ಎಷ್ಟು, ಅಡ ಇಟ್ಟದ್ದು ಏನು, ಜಾಮೀನು ಯಾರು, ಅವರ ಹತ್ತಿರ ನಿಮ್ಮ ಸಹಿ ಇರುವ ಏನೇನು ಇದೆ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಖಾಲಿ ಚೆಕ್ ಎಷ್ಟು, ಅವುಗಳ ನಂಬರ್ ಏನು, ಪ್ರಾಮಿಸರಿ ನೋಟು ಇದೆಯಾ, ಎಟಿಎಂ ಕಾರ್ಡು ಅಥವಾ ರೇಷನ್ ಕಾರ್ಡು ಅವರ ಹತ್ತಿರ ಇದೆಯಾ, ಎಲ್ಲವೂ ಬರಲಿ. ದಿನಸಿ ಅಂಗಡಿ ಉದ್ರಿ, ತಂಗಿ ಕೊಟ್ಟ ದುಡ್ಡು, ಎತ್ತಿಕೊಂಡ ಚೀಟಿ, ದಲಾಲಿ ಅಂಗಡಿಯಲ್ಲಿ ತಂದ ಮುಂಗಡ, ನೀವು ಬೇರೆಯವರಿಗೆ ಹಾಕಿದ ಜಾಮೀನು, ಎಲ್ಲವೂ ಸಾಲವೇ. ಸಾಲಗಾರ ಕಟ್ಟದಿದ್ದರೆ ಪೂರ್ತಿ ದುಡ್ಡನ್ನು ಜಾಮೀನುದಾರರಿಂದಲೇ ಕೇಳಲು ಕಾನೂನು ಬಿಡುತ್ತದೆ.

ಬ್ಯಾಂಕ್, ಫೈನಾನ್ಸ್ ಸಾಲಗಳ ವಿಷಯದಲ್ಲಿ ನೆನಪಿನ ಮೇಲೆ ಬರೆಯಬೇಡಿ, ಸ್ಟೇಟ್‌ಮೆಂಟ್ ಕೇಳಿ ತರಿಸಿ. ಯಾರ ಹೆಸರಲ್ಲಿ ಯಾವ ಸಾಲ ಇದೆ ಅನ್ನುವ ದಾಖಲೆ ಇಡುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅದನ್ನು ತೆಗೆದು ನೋಡಿದರೆ ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಸಾಲ ಎತ್ತಿದ್ದಾರಾ ಅನ್ನುವುದೂ ಗೊತ್ತಾಗುತ್ತದೆ. ಸಂಘದ ಸಾಲದಲ್ಲಿ ಇದನ್ನು ನೋಡುವುದು ತುಂಬಾ ಮುಖ್ಯ. ಒಬ್ಬರ ಆಧಾರ್ ಮೇಲೆ ಸಾಲ ಎತ್ತಿ ಇನ್ನೊಬ್ಬರು ಬಳಸುವುದು ಊರೂರಲ್ಲಿ ನಡೆಯುತ್ತದೆ.

ಎರಡನೇ ಹೆಜ್ಜೆ: ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ

ನಮ್ಮಲ್ಲಿ ಬಡ್ಡಿ ಹೇಳುವುದು ನೂರಕ್ಕೆ ಇಷ್ಟು ಅಂತ, ಅದೂ ತಿಂಗಳಿಗೆ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36 ಪರ್ಸೆಂಟ್. ನೂರಕ್ಕೆ ಐದು ಅಂದರೆ 60. ನೂರಕ್ಕೆ ಹತ್ತು ಅಂದರೆ 120. ಬ್ಯಾಂಕಿನವರು ವರ್ಷದ ಲೆಕ್ಕ ಹೇಳುತ್ತಾರೆ. ಹಾಗಾಗಿ ಬ್ಯಾಂಕಿನ ಹನ್ನೆರಡು ಜಾಸ್ತಿ, ಕೈಸಾಲದ ಐದು ಕಡಿಮೆ ಅಂತ ಕಿವಿಗೆ ಅನ್ನಿಸಿಬಿಡುತ್ತದೆ.

ವಾರದ ಸಾಲ ಇನ್ನೂ ಮೋಸದ್ದು. ಹತ್ತು ಸಾವಿರ ಸಾಲ ಅಂತ ಹೇಳಿ, ಸಾವಿರದ ಐನೂರು ಮೊದಲೇ ಹಿಡಿದುಕೊಂಡು ಎಂಟೂವರೆ ಸಾವಿರ ಕೈಗೆ ಕೊಡುತ್ತಾರೆ. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. ಸಾವಿರದ ಐನೂರು ತಾನೇ, ಹದಿನೈದು ಪರ್ಸೆಂಟ್ ಅಲ್ವಾ ಅನ್ನಿಸುತ್ತದೆ. ಆದರೆ ಎಂಟೂವರೆ ಸಾವಿರ ಹತ್ತು ವಾರವೂ ನಿಮ್ಮ ಹತ್ತಿರ ಇರಲಿಲ್ಲ. ಮೊದಲ ವಾರದಿಂದಲೇ ಸಾವಿರ ಸಾವಿರ ವಾಪಸ್ ಹೋಗಿದೆ. ಸರಾಸರಿ ನಿಮ್ಮ ಕೈಯಲ್ಲಿದ್ದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅದೂ ಎರಡೂವರೆ ತಿಂಗಳು ಮಾತ್ರ. ವರ್ಷಕ್ಕೆ ಲೆಕ್ಕ ಹಾಕಿದರೆ 150 ಪರ್ಸೆಂಟ್ ದಾಟುತ್ತದೆ.

ಗಾಡಿ ಸಾಲದಲ್ಲಿ ಫ್ಲಾಟ್ ಬಡ್ಡಿ ಅನ್ನುತ್ತಾರೆ. ಒಂದು ಲಕ್ಷಕ್ಕೆ 12 ಪರ್ಸೆಂಟ್ ಫ್ಲಾಟ್, ಎರಡು ವರ್ಷ ಅಂದರೆ ಒಟ್ಟು 24 ಸಾವಿರ ಬಡ್ಡಿ. ಅಸಲು ತಿಂಗಳು ತಿಂಗಳು ಕಡಿಮೆಯಾದರೂ ಬಡ್ಡಿ ಪೂರ್ತಿ ಲಕ್ಷಕ್ಕೇ ಬೀಳುತ್ತದೆ. ಇಳಿಯುವ ಬಾಕಿಯ ಲೆಕ್ಕದಲ್ಲಿ ನೋಡಿದರೆ ಅದು 21ರಿಂದ 22 ಪರ್ಸೆಂಟ್ ಆಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಮಿನಿಮಮ್ ಡ್ಯೂ ಮಾತ್ರ ಕಟ್ಟುತ್ತಾ ಹೋದರೆ ಸಾಮಾನ್ಯವಾಗಿ ತಿಂಗಳಿಗೆ ಮೂರರಿಂದ ಮೂರೂಮುಕ್ಕಾಲು ಪರ್ಸೆಂಟ್ ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಇದೂ ಕೈಸಾಲದ ಸಾಲಿನಲ್ಲೇ ನಿಲ್ಲುವ ಸಾಲ.

ಮೂರನೇ ಹೆಜ್ಜೆ: ಯಾವುದು ಮೊದಲು, ಯಾವುದು ಆಮೇಲೆ

ಒಂದು ಮನೆಯ ಲೆಕ್ಕ ಇಟ್ಟುಕೊಂಡು ನೋಡೋಣ. ಗಂಡ ದಾವಣಗೆರೆ ಎಪಿಎಂಸಿ ಹತ್ತಿರ ಗೂಡ್ಸ್ ಆಟೋ ಓಡಿಸುತ್ತಾರೆ, ಡೀಸೆಲ್ ಕಳೆದು ತಿಂಗಳಿಗೆ 17,000 ಉಳಿಯುತ್ತದೆ. ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕಿ 7,000 ದುಡಿಯುತ್ತಾರೆ. ಗೃಹಲಕ್ಷ್ಮಿ 2,000. ಒಟ್ಟು 26,000. ಬಾಡಿಗೆ, ದಿನಸಿ, ಗ್ಯಾಸು, ಸ್ಕೂಲು, ಔಷಧಿ ಸೇರಿ ಮನೆ ಖರ್ಚು 14,000.

ಸಾಲದ ಪಟ್ಟಿ ಹೀಗಿದೆ. ಆಟೋ ಫೈನಾನ್ಸ್ ಕಂತು 7,200. ಒಂದು ಮೈಕ್ರೋಫೈನಾನ್ಸಿಗೆ ತಿಂಗಳಿಗೆ 2,700. ಇನ್ನೊಂದಕ್ಕೆ 2,300, ಅದರಲ್ಲಿ ಐದು ತಿಂಗಳ ಕಂತು ಮಾತ್ರ ಉಳಿದಿದೆ. ನೂರಕ್ಕೆ ಐದರಂತೆ ತಂದ ಕೈಸಾಲ 50,000, ತಿಂಗಳಿಗೆ 2,500 ಬರೀ ಬಡ್ಡಿ. ಬ್ಯಾಂಕಿನಲ್ಲಿ ಬಂಗಾರದ ಸಾಲ 60,000, ವರ್ಷಕ್ಕೆ 10 ಪರ್ಸೆಂಟ್, ಅಂದರೆ ತಿಂಗಳಿಗೆ 500. ಮೊಬೈಲ್ ಆ್ಯಪ್ ಸಾಲ 6,000. ತಂಗಿಯದು 30,000, ಬಡ್ಡಿ ಇಲ್ಲ. ತಿಂಗಳ ಕಂತು, ಬಡ್ಡಿ ಸೇರಿಸಿದರೆ 15,200. ಮನೆ ಖರ್ಚು ಸೇರಿದರೆ 29,200. ತಿಂಗಳಿಗೆ 3,200 ಕೊರತೆ. ಈ ಕೊರತೆಯೇ ಪ್ರತಿ ತಿಂಗಳೂ ಹೊಸ ಸಾಲ ಹುಟ್ಟಿಸುತ್ತಿದೆ.

ಇಲ್ಲಿ ಜೋರು ಮಾಡುವವರು ಆ್ಯಪಿನವರು ಮತ್ತು ಮೈಕ್ರೋಫೈನಾನ್ಸಿನವರು. ಆದರೆ ಮನೆಯನ್ನು ತಿನ್ನುತ್ತಿರುವುದು ಆ ಕೈಸಾಲ. ಎಷ್ಟು ವರ್ಷ ಕಟ್ಟಿದರೂ ಅಸಲಿನ ಐವತ್ತು ಸಾವಿರ ಹಾಗೇ ಇರುತ್ತದೆ.

ಬ್ಯಾಂಕಿನಲ್ಲಿರುವ ಬಂಗಾರದ ಇವತ್ತಿನ ಬೆಲೆ 1,60,000 ಅಂದುಕೊಳ್ಳಿ. ಅದರ ಮೇಲೆ ಇನ್ನೂ 50,000 ಸಿಗುತ್ತದೆ. ಅದನ್ನು ತಂದು ಕೈಸಾಲ ಪೂರ್ತಿ ತೀರಿಸಿದರೆ ತಿಂಗಳ 2,500ರ ಜಾಗದಲ್ಲಿ ಸುಮಾರು 417 ರೂಪಾಯಿ ಬಡ್ಡಿ. ಒಂದೇ ಹೆಜ್ಜೆಗೆ ಕೊರತೆ 3,200ರಿಂದ 1,100ರ ಆಸುಪಾಸಿಗೆ ಇಳಿಯಿತು. ಮನೆ ಮುಂದೆ ನಿಂತ ಹಳೇ ಬೈಕು ಮಾರಿ 15,000 ಬಂದರೆ ಆ್ಯಪ್ ಸಾಲ ಮುಗಿಯುತ್ತದೆ, ಐದು ತಿಂಗಳ ಕೊರತೆ ತುಂಬುತ್ತದೆ. ಆರನೇ ತಿಂಗಳಿಗೆ ಎರಡನೇ ಮೈಕ್ರೋಫೈನಾನ್ಸ್ ಸಾಲ ಮುಗಿದು 2,300 ಕೈಗೆ ಉಳಿಯುತ್ತದೆ. ಆ 2,300ರಲ್ಲಿ ಕೊರತೆ ತುಂಬಿ ಉಳಿದದ್ದು ಮನೆ ಖರ್ಚಿಗೆ ಹೋಗಬಾರದು. ನೇರವಾಗಿ ಬಂಗಾರದ ಸಾಲಕ್ಕೆ ಹೋಗಬೇಕು. ಇಲ್ಲದಿದ್ದರೆ ಕೈಸಾಲ ತೀರಿಸಲು ಹೋಗಿ ತಾಳಿ ಕಳೆದುಕೊಂಡಂತಾಗುತ್ತದೆ.

ಸಾಲ ಮಾಡಿ ಸಾಲ ತೀರಿಸಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ವರ್ಷಕ್ಕೆ 60 ಪರ್ಸೆಂಟಿನದನ್ನು 10 ಪರ್ಸೆಂಟಿನದರಿಂದ ತೀರಿಸುವುದು ಜಾಣತನ, ಆದರೆ ಹಳೆಯದು ಅದೇ ದಿನ ಪೂರ್ತಿ ಮುಗಿಯಬೇಕು, ಬಾಂಡು, ಚೆಕ್ಕು ಕೈಗೆ ಬರಬೇಕು. ಒಂದು ಮೈಕ್ರೋಫೈನಾನ್ಸಿನ ಕಂತಿಗೆ ಇನ್ನೊಂದು ಮೈಕ್ರೋಫೈನಾನ್ಸಿನಲ್ಲಿ ತೆಗೆಯುವುದು ಮಾತ್ರ ಯಾವತ್ತೂ ಬೇಡ.

ಬಂಗಾರ ಇಲ್ಲದ ಮನೆಯಲ್ಲಿ ಏನು ಮಾಡುವುದು? ಸಂಜೀವಿನಿ ಅಥವಾ ಸ್ತ್ರೀಶಕ್ತಿ ಗುಂಪಿನಲ್ಲಿದ್ದರೆ ಗುಂಪಿನ ಉಳಿತಾಯದಿಂದ ಒಳಸಾಲ ಕೇಳಿ. ಬ್ಯಾಂಕ್ ಜೋಡಣೆಯ ಸಾಲ ಮಹಿಳಾ ಗುಂಪುಗಳಿಗೆ 3 ಲಕ್ಷದವರೆಗೆ 7 ಪರ್ಸೆಂಟಿನಲ್ಲಿ ಸಿಗುವ ವ್ಯವಸ್ಥೆ ಇದೆ. ರೈತರು ಸಹಕಾರ ಸಂಘದ ಮೂಲಕ 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆ ಸಾಲ ಪಡೆಯಬಹುದು. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ, ಅದಕ್ಕೇ ಈ ಸಾಲ ಪಟ್ಟಿಯಲ್ಲಿ ಮೇಲೆ ಇರಲಿ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆ ಸಾಲಕ್ಕೆ 7 ಪರ್ಸೆಂಟ್, ಸರಿಯಾಗಿ ಕಟ್ಟಿದವರಿಗೆ 4 ಪರ್ಸೆಂಟ್. ಕೈಮಗ್ಗದ ನೇಕಾರರಿಗೆ ನೇಕಾರ ಮುದ್ರಾ ಸಾಲ 6 ಪರ್ಸೆಂಟಿಗೆ ಇದೆ.

ಚಳ್ಳಕೆರೆ, ಜಗಳೂರು ಕಡೆಯ ಈರುಳ್ಳಿ ಬೆಳೆಗಾರರು ದಲಾಲಿ ಅಂಗಡಿಯ ಮುಂಗಡದ ಬಗ್ಗೆ ಒಂದು ಲೆಕ್ಕ ಹಾಕಬೇಕು. ಅಲ್ಲಿ ಬಡ್ಡಿ ಕಾಣುವುದಿಲ್ಲ. ಮಾಲು ಅವರ ಅಂಗಡಿಗೇ ಹಾಕಬೇಕು ಅನ್ನುವ ಕಟ್ಟುಪಾಡಿನಲ್ಲಿ, ಕ್ವಿಂಟಲ್‌ಗೆ ಕಡಿಮೆ ಸಿಕ್ಕ ಬೆಲೆಯಲ್ಲಿ ಬಡ್ಡಿ ಹೋಗಿರುತ್ತದೆ. ಅದೇ ದಿನ ಬೇರೆ ಅಂಗಡಿಯಲ್ಲಿ ಏನು ಬೆಲೆ ಬಿತ್ತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮೆಕ್ಕೆಜೋಳದಂಥ ಇಟ್ಟರೆ ಕೆಡದ ಮಾಲು ಇದ್ದವರು ಗೋದಾಮಿನಲ್ಲಿಟ್ಟು ಅಡಮಾನ ಸಾಲ ಸಿಗುತ್ತದಾ ಅಂತ ಎಪಿಎಂಸಿ ಕಚೇರಿಯಲ್ಲಿ ವಿಚಾರಿಸಿ.

ನಾಲ್ಕನೇ ಹೆಜ್ಜೆ: ಕಂತು ತಪ್ಪುವ ಮೊದಲೇ ಸಾಲ ಕೊಟ್ಟವರ ಹತ್ತಿರ ಹೋಗಿ

ಫೋನ್ ಸ್ವಿಚ್ ಆಫ್ ಮಾಡಿಕೊಂಡರೆ ದಾರಿ ಮುಚ್ಚುತ್ತದೆ. ಕಂತು 90 ದಿನ ಮೀರಿ ಬಾಕಿ ಉಳಿದರೆ ಬ್ಯಾಂಕು ಅದನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲ ಅಂತ ಗುರುತಿಸುತ್ತದೆ. ಅದಕ್ಕೆ ಮುಂಚೆ ಹೋದರೆ ಮ್ಯಾನೇಜರ್ ಕೈಯಲ್ಲಿ ಹೆಚ್ಚು ಅವಕಾಶ ಇರುತ್ತದೆ: ಅವಧಿ ಹೆಚ್ಚಿಸಿ ಕಂತು ಇಳಿಸುವುದು, ಸ್ವಲ್ಪ ಕಾಲ ಬಡ್ಡಿ ಮಾತ್ರ ಕಟ್ಟಿಸಿಕೊಳ್ಳುವುದು, ದಿನಾಂಕ ಬದಲಿಸುವುದು. ಬರ ಘೋಷಣೆಯಾದ ತಾಲ್ಲೂಕಿನ ರೈತರು ಬೆಳೆ ಸಾಲವನ್ನು ಅವಧಿ ಸಾಲವಾಗಿ ಬದಲಿಸಿಕೊಡಿ ಅಂತ ಕೇಳಬಹುದು.

ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಕೊಡಿ. ಹೀಗೆ ಬರೆದರೆ ಸಾಕು:

"ಮಾನ್ಯರೇ, ನನ್ನ ಸಾಲದ ಖಾತೆ ಸಂಖ್ಯೆ ಇದು. ಇಲ್ಲಿಯವರೆಗೆ ತಿಂಗಳಿಗೆ 7,200 ರೂ. ಕಂತು ಕಟ್ಟಿಕೊಂಡು ಬಂದಿದ್ದೇನೆ. ಕಾಲಿಗೆ ಪೆಟ್ಟಾಗಿ ಎರಡು ತಿಂಗಳು ಗಾಡಿ ಓಡಿಸಲು ಆಗಿಲ್ಲ. ಈಗ ನನ್ನಿಂದ ತಿಂಗಳಿಗೆ 5,000 ರೂ. ಕಟ್ಟಲು ಆಗುತ್ತದೆ. ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಬೇಕೆಂದು ಕೋರುತ್ತೇನೆ. ಆಸ್ಪತ್ರೆ ಚೀಟಿ ಮತ್ತು ಮನೆಯ ಆದಾಯ ಖರ್ಚಿನ ಪಟ್ಟಿ ಲಗತ್ತಿಸಿದ್ದೇನೆ. ದಯವಿಟ್ಟು ಬರಹದಲ್ಲಿ ಉತ್ತರ ಕೊಡಿ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ. ಆ ಸೀಲು ಬಿದ್ದ ಹಾಳೆ ಮುಂದೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್ ಹತ್ತಿರ ಹೋದರೂ, ಕೋರ್ಟಿಗೆ ಹೋದರೂ ಕೆಲಸಕ್ಕೆ ಬರುತ್ತದೆ. ಎಷ್ಟು ಕಟ್ಟಬಲ್ಲೆ ಅಂತ ಬರೆಯುತ್ತೀರೋ ಅದು ನಿಜವಾಗಿ ಕಟ್ಟಬಹುದಾದ ಮೊತ್ತವೇ ಆಗಿರಲಿ. ಆಸೆಗೆ ಜಾಸ್ತಿ ಬರೆದು ಮತ್ತೆ ತಪ್ಪಿದರೆ ಎರಡನೇ ಸಲ ಯಾರೂ ಕೇಳುವುದಿಲ್ಲ.

ಮೈಕ್ರೋಫೈನಾನ್ಸಿನವರ ಹತ್ತಿರ ಮಾತಾಡುವಾಗ ಇದು ತಿಳಿದಿರಲಿ. 2022ರ ಏಪ್ರಿಲ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ವರ್ಷಕ್ಕೆ 3 ಲಕ್ಷದವರೆಗೆ ಆದಾಯದ ಮನೆಗೆ ಅಡಮಾನ ಇಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಅವರು ಹೊಸ ಸಾಲ ಕೊಡುವಂತಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ತಡವಾದರೆ ದಂಡ ಬೀಳುವುದು ಬಾಕಿ ಉಳಿದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಲೋನ್ ಕಾರ್ಡ್ ಕೊಡಬೇಕು. ಅದು ನಿಮ್ಮ ಹತ್ತಿರ ಇಲ್ಲದಿದ್ದರೆ ಇವತ್ತೇ ಕೇಳಿ.

ಐದನೇ ಹೆಜ್ಜೆ: ಕಿರುಕುಳಕ್ಕೆ ಹೆದರಿ ದುಡ್ಡು ಕೊಡಬೇಡಿ

ಕಷ್ಟಕ್ಕೆ ಸಾಲ ಕಟ್ಟಲಾಗದೆ ಹೋಗುವುದು ಅಪರಾಧ ಅಲ್ಲ. ಕೈಯಲ್ಲಿ ಇಲ್ಲದವನನ್ನು ಬರೀ ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಇದ್ದೂ ಬಚ್ಚಿಡುವವರ ಕಥೆ ಬೇರೆ. ಹಾಗಾಗಿ "ಪೊಲೀಸರನ್ನು ಕರೆಸಿ ಒಳಗೆ ಹಾಕಿಸುತ್ತೇನೆ" ಅನ್ನುವ ಮಾತಿಗೆ ಬೆದರಬೇಡಿ. ಚೆಕ್ಕಿನ ವಿಷಯ ಮಾತ್ರ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ವಸೂಲಿಗೆ ಬರುವವರಿಗೆ ಸಮಯ ಇದೆ. ಮೈಕ್ರೋಫೈನಾನ್ಸಿನವರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೇರೆ ಸಾಲಗಳಿಗೆ ಬೆಳಗ್ಗೆ 8, ಸಂಜೆ 7. ಬೈಯುವುದು, ಹೆದರಿಸುವುದು, ನೆಂಟರಿಗೆ ಮತ್ತು ಜೊತೆ ಕೆಲಸ ಮಾಡುವವರಿಗೆ ತೊಂದರೆ ಕೊಡುವುದು, ಸಾಲಗಾರರ ಹೆಸರು ಪ್ರಕಟಿಸುವುದು ಯಾವುದಕ್ಕೂ ಅವಕಾಶ ಇಲ್ಲ. ಗುಂಪಿನವರನ್ನೆಲ್ಲ ಕರೆತಂದು ಮನೆ ಮುಂದೆ ರಾತ್ರಿಯವರೆಗೆ ಕೂರಿಸುತ್ತಾರಲ್ಲ, ಅದೂ ಕಿರುಕುಳವೇ. ಅಕ್ಕಪಕ್ಕದ ಹೆಣ್ಣುಮಕ್ಕಳೇ ಎದುರಾಳಿಗಳಾಗಿ ನಿಲ್ಲುವ ಹಾಗೆ ಮಾಡುವುದನ್ನು ಕಂಡಾಗ ನನಗೆ ತುಂಬಾ ನೋವಾಗುತ್ತದೆ. ಗುಂಪಿನವರು ಒಟ್ಟಿಗೆ ಕೂತು ಒಂದೇ ದೂರು ಬರೆದರೆ ಆ ಆಟ ನಡೆಯುವುದಿಲ್ಲ.

ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಕಿರು ಸಾಲ, ಸಣ್ಣ ಸಾಲಗಳಲ್ಲಿ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆಯಾಯಿತು. ಬೆನ್ನು ಹತ್ತಿ ಕಾಡುವುದು, ರೌಡಿಗಳನ್ನು ಕಳಿಸುವುದು, ಸರ್ಕಾರಿ ಸೌಲಭ್ಯ ಸಿಗುವ ಕಾರ್ಡು, ದಾಖಲೆ ಕಿತ್ತುಕೊಳ್ಳುವುದು ಅದರಡಿ ಅಪರಾಧ. ಶಿಕ್ಷೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದೂರು ತಗೊಳ್ಳಲ್ಲ ಅಂತ ಪೊಲೀಸರು ಹೇಳುವಂತಿಲ್ಲ. ಲೈಸೆನ್ಸ್, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ ಅಂತಲೂ ಆ ಕಾನೂನು ಹೇಳುತ್ತದೆ. ಇದು ನಿಮ್ಮ ಸಾಲಕ್ಕೆ ಹೊಂದುತ್ತದಾ ಅಂತ ವಕೀಲರಿಗೆ ಕಾಗದ ತೋರಿಸಿಯೇ ತೀರ್ಮಾನಿಸಿ. ಯಾರೋ ಹೇಳಿದರು ಅಂತ ಕಂತು ನಿಲ್ಲಿಸಬೇಡಿ. ನೋಂದಾಯಿತ ಸಂಸ್ಥೆಯ ಸಾಲ ಮನ್ನಾ ಆಗಿಲ್ಲ.

ಬಡ್ಡಿ ವ್ಯವಹಾರ ಮಾಡುವವರಿಗೆ ಸಹಕಾರ ಇಲಾಖೆಯ ಲೈಸೆನ್ಸ್ ಬೇಕು. ಅವರು ಪಡೆಯಬಹುದಾದ ಬಡ್ಡಿಗೂ ಮಿತಿ ಇದೆ: ಅಡಮಾನ ಇದ್ದರೆ ವರ್ಷಕ್ಕೆ 14 ಪರ್ಸೆಂಟ್, ಇಲ್ಲದಿದ್ದರೆ 16. ಮೀಟರ್ ಬಡ್ಡಿಯವರು ಕೇಳುವುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಆ್ಯಪ್ ಸಾಲದವರು ಫೋಟೋ ತಿರುಚಿ ಕಾಂಟ್ಯಾಕ್ಟ್‌ನಲ್ಲಿರುವವರಿಗೆಲ್ಲ ಕಳಿಸುತ್ತೇವೆ ಅಂತ ಬೆದರಿಸಿದರೆ ದುಡ್ಡು ಕೊಟ್ಟರೂ ಅದು ನಿಲ್ಲುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1930ಕ್ಕೆ ಫೋನ್ ಮಾಡಿ, ನಿಮ್ಮ ಜಿಲ್ಲೆಯ ಸೈಬರ್ ಠಾಣೆಗೆ ದೂರು ಕೊಡಿ. ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್, ಗ್ಯಾಲರಿ ಮುಟ್ಟುವಂತೆಯೇ ಇಲ್ಲ.

ಆರನೇ ಹೆಜ್ಜೆ: ದುಡ್ಡಿಲ್ಲದೆ ಸಹಾಯ ಸಿಗುವ ಕಡೆ ಹೋಗಿ

"ನಿಮ್ಮ ಸಾಲ ಅರ್ಧಕ್ಕೆ ಇಳಿಸಿಕೊಡುತ್ತೇವೆ, ಮೊದಲು ಇಷ್ಟು ಫೀಸು ಕಟ್ಟಿ" ಅಂತ ಫೋನಿನಲ್ಲಿ ಬರುವವರನ್ನು ಹತ್ತಿರ ಸೇರಿಸಬೇಡಿ. ಅವರು ಮಾಡುವ ಕೆಲಸವನ್ನು ನೀವೇ ಮಾಡಬಹುದು.

ನಾನು ಎಲ್ಲಕ್ಕಿಂತ ಮೊದಲು ಹೇಳುವ ಜಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಜಿಲ್ಲಾ ನ್ಯಾಯಾಲಯದಲ್ಲಿ ಇದೆ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ. ಫೋನ್ ನಂಬರ್ 15100. ಕೇಸು ಬೀಳುವ ಮೊದಲೇ ಸಾಲದ ವ್ಯಾಜ್ಯವನ್ನು ಲೋಕ್ ಅದಾಲತ್‌ಗೆ ಹಾಕಿಸಬಹುದು. ಅಲ್ಲಿ ಕೋರ್ಟ್ ಫೀಸಿಲ್ಲ. ಬಡ್ಡಿ ಬಿಟ್ಟು ಅಸಲಿಗೆ ಒಪ್ಪಿಸಲು, ಕಂತು ಮಾಡಿಸಲು ಒಳ್ಳೆಯ ಜಾಗ. ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ, ಅದಕ್ಕೇ ಕಟ್ಟಲು ಆಗುವ ಮೊತ್ತಕ್ಕೆ ಮಾತ್ರ ಒಪ್ಪಿಕೊಳ್ಳಿ.

ಎರಡನೆಯದು ಲೀಡ್ ಬ್ಯಾಂಕ್ ಕಚೇರಿ, ಅಂದರೆ ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಬ್ಯಾಂಕಿನ ಕಚೇರಿ. ಎರಡೂ ಜಿಲ್ಲೆಗೆ ಕೆನರಾ ಬ್ಯಾಂಕ್ ಲೀಡ್ ಬ್ಯಾಂಕ್. ಯಾವ ಬ್ಯಾಂಕಿನ ಶಾಖೆ ನಿಮ್ಮ ಅರ್ಜಿ ತೆಗೆದುಕೊಳ್ಳದಿದ್ದರೂ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಹೇಳಬಹುದು. ಆರ್ಥಿಕ ಸಾಕ್ಷರತಾ ಕೇಂದ್ರದ ಸಲಹೆಗಾರರು ನೋಟ್‌ಬುಕ್ ನೋಡಿ ಲೆಕ್ಕ ಮಾಡಿಕೊಡುತ್ತಾರೆ.

ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ತಪ್ಪು ಮಾಡಿದ್ದರೆ ಮೊದಲು ಅವರಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಫೀಸಿಲ್ಲ, ವಿಚಾರಿಸಲು 14448. ಸಹಕಾರ ಸಂಘದ ದೂರಾದರೆ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿ. ಕಿರುಕುಳದ ದೂರಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕೊಡಿ. ಕಿರು ಸಾಲದ ಸಂಸ್ಥೆಗಳ ನೋಂದಣಿಯ ಹೊಣೆ ಜಿಲ್ಲಾಡಳಿತದ್ದೇ.

ಏಳನೇ ಹೆಜ್ಜೆ: ಚೆಕ್, ನೋಟಿಸ್, ಸಮನ್ಸ್ ಬಂದರೆ

ಖಾಲಿ ಚೆಕ್ ಕೊಟ್ಟವರು ಹುಷಾರಾಗಿರಬೇಕು. ಸಹಿ ನಿಮ್ಮದಾದರೆ, ಉಳಿದದ್ದನ್ನು ಬೇರೆಯವರು ತುಂಬಿದ್ದರೂ ಸಾಲ ಇದೆ ಅಂತಲೇ ಕೋರ್ಟ್ ಮೊದಲು ಅಂದುಕೊಳ್ಳುತ್ತದೆ. ಇಲ್ಲ ಅಂತ ತೋರಿಸಬೇಕಾದವರು ನೀವು. ಚೆಕ್ ಬೌನ್ಸ್ ಆಗಿ ನೋಟಿಸ್ ಬಂದರೆ ದುಡ್ಡು ಕಟ್ಟಲು ಸಿಗುವುದು 15 ದಿನ. ಆಮೇಲೆ ಕ್ರಿಮಿನಲ್ ಕೇಸು ಹಾಕಬಹುದು, ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡರಷ್ಟರವರೆಗೆ ದಂಡ ಅಥವಾ ಎರಡೂ ಬೀಳಬಹುದು. ನೋಟಿಸ್ ಕೈಗೆ ಬಂದ ದಿನವೇ ಲಕೋಟೆ ಸಮೇತ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಎಷ್ಟು ಕಟ್ಟಿದ್ದೀರಿ ಅನ್ನುವುದಕ್ಕೆ ಫೋನ್‌ಪೇ, ಬ್ಯಾಂಕ್ ಪಾಸ್‌ಬುಕ್ ದಾಖಲೆ ಜೊತೆಗಿರಲಿ. ಇದಕ್ಕೇ ಕೈಸಾಲದ ಬಡ್ಡಿಯನ್ನು ನಗದಿನಲ್ಲಿ ಕೊಡಬೇಡಿ, ಖಾತೆಗೇ ಹಾಕಿ.

ಪ್ರಾಮಿಸರಿ ನೋಟಿನ ಸಾಲಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಕಾಲ. ಆ ಮೂರು ವರ್ಷ ಮುಗಿಯುವ ಹೊತ್ತಿಗೆ "ಸುಮ್ನೆ ಒಂದು ಸಹಿ ಹಾಕಿ" ಅಂತ ಬರುವುದು ಇದೇ ಕಾರಣಕ್ಕೆ, ಆ ಸಹಿ ಬಿದ್ದರೆ ಮೂರು ವರ್ಷದ ಲೆಕ್ಕ ಮತ್ತೆ ಹೊಸದಾಗಿ ಶುರುವಾಗುತ್ತದೆ. ಬಾಕಿ ಎಷ್ಟು ಅಂತ ಬರೆಯದ ಹಾಳೆಗೆ ಸಹಿ ಬೇಡ.

ಕೋರ್ಟಿನ ಸಮನ್ಸ್ ಬಂದಾಗ ಹೋಗದೇ ಇದ್ದರೆ ಒಂದು ಕಡೆಯ ತೀರ್ಪು ಆಗಿಬಿಡುತ್ತದೆ. ಹಾಗಾದರೂ ಅದನ್ನು ರದ್ದು ಮಾಡಿ ಅಂತ ಕೇಳಲು 30 ದಿನ ಇರುತ್ತದೆ. ಡಿಕ್ರಿ, ಅಂದರೆ ಸಾಲ ಕಟ್ಟಬೇಕು ಅನ್ನುವ ಕೋರ್ಟಿನ ಆದೇಶ ಬಿದ್ದರೂ ಮನೆಯಲ್ಲಿದ್ದದ್ದನ್ನೆಲ್ಲ ಹೊತ್ತೊಯ್ಯುವಂತಿಲ್ಲ. ಹಾಕುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ರೈತನ ನೇಗಿಲು ಮತ್ತು ಎತ್ತು, ಕೆಲಸಗಾರನ ಸಲಕರಣೆ ಜಪ್ತಿಗೆ ಬರುವುದಿಲ್ಲ. ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಆಸ್ತಿ ಅಡ ಇಟ್ಟ ಬ್ಯಾಂಕ್ ಸಾಲದಲ್ಲಿ ಸರ್ಫೇಸಿ ಕಾಯ್ದೆಯ (ಅಡ ಇಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಲು ಬಿಡುವ ಕಾನೂನು) ನೋಟಿಸ್ ಬಂದರೆ ಬಾಕಿ ಕಟ್ಟಲು 60 ದಿನ ಸಮಯ. ಕೃಷಿ ಜಮೀನಿಗೆ ಆ ಕಾಯ್ದೆ ಹೊಂದುವುದಿಲ್ಲ.

ಎಂಟನೇ ಹೆಜ್ಜೆ: ತೀರಿಸುವ ದಿನದ ಕಾಗದಗಳು

ಒಂದೇ ಸಲಕ್ಕೆ ಇಷ್ಟು ಕಟ್ಟಿದರೆ ಮುಗಿಸುತ್ತೇವೆ ಅಂತ ಬ್ಯಾಂಕಿನವರು ಒಪ್ಪುವುದಕ್ಕೆ ಓಟಿಎಸ್ ಅನ್ನುತ್ತಾರೆ. ಪತ್ರ ಕೈಗೆ ಬರದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪತ್ರದಲ್ಲಿ ಮೊತ್ತ, ಕೊನೆಯ ದಿನಾಂಕ, ಉಳಿದದ್ದು ಬಿಟ್ಟಿದ್ದೇವೆ ಅನ್ನುವ ಮಾತು ಮೂರೂ ಇರಬೇಕು. ದುಡ್ಡು ಸಾಲದ ಖಾತೆಗೆ ಹೋಗಲಿ, ಏಜೆಂಟನ ಫೋನ್‌ಪೇಗೆ ಬೇಡ. ಓಟಿಎಸ್ ಮಾಡಿದ ಸಾಲ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಅಂತ ಕಾಣುತ್ತದೆ, ಪೂರ್ತಿ ಕಟ್ಟಿದ್ದು 'ಕ್ಲೋಸ್ಡ್' ಅಂತ. ಮುಂದೆ ಮನೆ ಸಾಲ ಬೇಕಿರುವವರು ಇದನ್ನು ಯೋಚಿಸಿ ನಿರ್ಧರಿಸಲಿ. ಊಟಕ್ಕೇ ಕಷ್ಟ ಇರುವವರು ಸ್ಕೋರಿನ ಚಿಂತೆ ಮಾಡಬೇಕಿಲ್ಲ.

ಬಂಗಾರ ಹರಾಜಾಗಿದ್ದರೆ ಲೆಕ್ಕ ಕೇಳಿ. ಸಾಲ, ಖರ್ಚು ಕಳೆದು ಉಳಿದ ದುಡ್ಡು ನಿಮ್ಮದೇ.

ಪೂರ್ತಿ ತೀರಿದ ಮೇಲೆ ನೋ ಡ್ಯೂ ಪತ್ರ ತೆಗೆದುಕೊಳ್ಳಿ. ಮನೆ, ಜಮೀನಿನ ಮೂಲ ದಾಖಲೆಗಳನ್ನು ಬ್ಯಾಂಕು 30 ದಿನದಲ್ಲಿ ವಾಪಸ್ ಕೊಡಬೇಕು, ಅವರ ತಪ್ಪಿಗೆ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪಹಣಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡಿ, ಇದ್ದರೆ ತೆಗೆಸಿ. ಗಾಡಿ ಸಾಲವಾಗಿದ್ದರೆ ಫೈನಾನ್ಸಿನವರಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಪಡೆದು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಅವರ ಹೆಸರು ತೆಗೆಸಬೇಕು. ಗಾಡಿ ಮಾರುವ ದಿನ ಬರುವವರೆಗೆ ಇದನ್ನು ಬಿಟ್ಟುಕೊಂಡರೆ ಹೊಸ ಎನ್‌ಒಸಿಗಾಗಿ ಮತ್ತೆ ಅಲೆಯಬೇಕಾಗುತ್ತದೆ. ಕೈಸಾಲದವರಿಂದ ಪ್ರಾಮಿಸರಿ ನೋಟು, ಚೆಕ್ಕು ಎಲ್ಲ ವಾಪಸ್ ಇಸ್ಕೊಳ್ಳಿ, ಮೊದಲ ಹೆಜ್ಜೆಯಲ್ಲಿ ಬರೆದ ನಂಬರಿನ ಜೊತೆ ತಾಳೆ ನೋಡಿ. ಚೆಕ್ ಕಳೆದುಹೋಗಿದೆ ಅಂತ ಅವರು ಹೇಳಿದರೆ ಸಾಲ ತೀರಿದೆ ಅಂತ ಬರಹದಲ್ಲಿ ಪಡೆದು, ಅದೇ ದಿನ ಬ್ಯಾಂಕಿನಲ್ಲಿ ಆ ಚೆಕ್‌ಗೆ ಸ್ಟಾಪ್ ಪೇಮೆಂಟ್ ಕೊಡಿ. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿ ಇನ್ನೊಮ್ಮೆ ತೆಗೆಯಿರಿ. ತೀರಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ದೂರು ಹಾಕಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.